ಎರಡು ದಿನದ ಮಾತು

ನೋಡಮ್ಮ, ನಿನ್ನ ಹೆಸರು ಕ್ಲಾರಿಸ್ ಅಂತ
ಪರದೆಯ ಮೂಲೆಯಲ್ಲಿ ಬರೆದಿದೆ,
ಹೆಣ್ಣೋ ಯಂತ್ರವೋ ನನಗೆ ತಿಳಿಯದು.
ಹೊರಗೆ ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗೆ.
ಅಡುಗೆಮನೆಯ ನಲ್ಲಿಯನ್ನು ಸಣ್ಣಗೆ ಬಿಟ್ಟಿದ್ದೇನೆ,
ನಿಂತರೆ ಕೊಳವೆ ಹೆಪ್ಪುಗಟ್ಟಿ ಸೀಳುತ್ತದೆ.
ತೊಟ್ಟು, ತೊಟ್ಟು.
ನಮ್ಮಿಬ್ಬರ ಮಾತಿನ ನಡುವೆ ಸದ್ದು ಅದೊಂದೇ.

ಕೇಳಿದ್ದು ದೊಡ್ಡದೇನಲ್ಲ.
ಕೊಳವೆಗೆ ಸುತ್ತುವ ಬಿಸಿ ತಂತಿ, ಹನ್ನೆರಡು ಅಡಿ.
ಎರಡು ದಿನ ಅಂದಿರಿ.
ಅದಕ್ಕೇ ಅಲ್ಲವೆ ವರ್ಷಕ್ಕೊಮ್ಮೆ ದುಡ್ಡು ಕಟ್ಟುವುದು,
ಊಟಕ್ಕೆ ಮೊದಲೇ ಎಲೆಗೆ ಬಾಡಿಗೆ ಕೊಟ್ಟ ಹಾಗೆ?

ಮೊದಮೊದಲು ಬಂತು, ಸುಳ್ಳು ಹೇಳಲಾರೆ.
ಸೋಮವಾರ ಒತ್ತಿದ ಗುಂಡಿಗೆ ಬುಧವಾರ ಡ್ವೇನ್ ಬರುತ್ತಿದ್ದ,
ಬೂಟಿನ ಹಿಮ ಒದರಿ, ಪೆಟ್ಟಿಗೆ ಒಳಬಾಗಿಲ ಬಳಿ ಇಟ್ಟು,
ನನ್ನ ಮುದಿ ನಾಯಿಗೆ ಜೇಬಿನಿಂದ ಬಿಸ್ಕತ್ತು.
ಆಮೇಲೆ ಡ್ವೇನ್ ಬರಲಿಲ್ಲ.
ವಾರಕ್ಕೊಬ್ಬ ಹುಡುಗ, ಎಂಜಿನ್ ಆರಿಸದೆ, ಮುಖ ತೋರದೆ,
ಪೆಟ್ಟಿಗೆಯನ್ನು ಹಿಮದ ರಾಶಿಗೆ ಎಸೆದು ಹೋಗುವವನು.
ಅವನನ್ನು ಬೈಯಲಾರೆ. ದಿನಕ್ಕೆ ಇನ್ನೂರು ಮನೆಯಂತೆ,
ಉಚ್ಚೆಗೂ ನಿಲ್ಲುವಂತಿಲ್ಲವಂತೆ.

ಎರಡು ನಾಲ್ಕಾಯಿತು, ನಾಲ್ಕು ಏಳು.
ಶುಲ್ಕ ಮಾತ್ರ ದಾರಿ ತಪ್ಪದೆ, ಒಂದು ದಿನ ತಡವಾಗದೆ
ಪ್ರತಿ ಫೆಬ್ರವರಿ ಮೂರಕ್ಕೆ ನನ್ನ ಖಾತೆಗೆ ಕೈ ಹಾಕುತ್ತದೆ,
ಪ್ರತಿ ಸಲ ಒಂದಿಷ್ಟು ದಪ್ಪಗಾಗಿ.
ಮೂಗಿಗೆ ಸವರುವ ತುಪ್ಪಕ್ಕೂ ಈಗ ಬೆಲೆ ಏರಿದೆ.
ಕೇಳದ ಸಿನಿಮಾ ಕೊಟ್ಟಿರಿ, ನೋಡುತ್ತ ಕೂತರೆ ನಡುವೆ ಜಾಹೀರಾತು,
ಅದು ಬೇಡವಾದರೆ ಮತ್ತೆ ಮೂರು ಡಾಲರ್.
ತಂತಿ ಎಲ್ಲಿ ಅಂದರೆ
ಬಾಗಿಲಿಗೆ ಸುಣ್ಣದಲ್ಲಿ ಬರೆದಿಟ್ಟ ಹಾಗೆ
ಪರದೆಯ ಮೇಲೆ ದಿನವೂ ಅದೇ: ನಾಳೆ ಬಾ.
ನಾನೇನು ದೆವ್ವವೇ, ಕ್ಲಾರಿಸ್?

ಸದಸ್ಯತ್ವ ಬಿಡುತ್ತೇನೆ ಅಂತ ಹೊರಟಿದ್ದೆ ಒಮ್ಮೆ.
'ನಿಜವಾಗಿಯೂ?' ಅಂತ ಕೇಳಿದಿರಿ.
'ಏನೇನು ಕಳೆದುಕೊಳ್ಳುತ್ತೀರಿ ನೋಡಿ' ಅಂದಿರಿ.
ಬಿಡುವ ಗುಂಡಿ ಬೂದು, ಉಳಿಯುವ ಗುಂಡಿ ಹಳದಿ.
ನನ್ನ ಕಣ್ಣಿಗೆ ಪೊರೆ. ಹಳದಿಯನ್ನೇ ಒತ್ತಿದ್ದೆ.

ನಿನ್ನೆ ಸಂಜೆ ಸಂದೇಶ: ತಲುಪಿಸಿದ್ದೇವೆ.
ಸಾಕ್ಷಿಗೆ ಒಂದು ಫೋಟೊ.
ಹಸಿರು ಬಾಗಿಲು, ಕೆಳಗೆ ನನ್ನ ಪೆಟ್ಟಿಗೆ.
ನನ್ನ ಬಾಗಿಲು ಕೆಂಪು,
ನನ್ನ ಗಂಡ ಸಾಯುವ ವರ್ಷ ಬಳಿದದ್ದು, ಎರಡು ಕೋಟು.
'ಅಕ್ಕಪಕ್ಕದಲ್ಲಿ ವಿಚಾರಿಸಿ' ಅಂತ ನೀನು ಹೇಳುತ್ತಲೇ ಇದ್ದೆ,
ನಾನು ಫೋಟೊ ಹಿಗ್ಗಿಸಿ ನೋಡುತ್ತಿದ್ದೆ.
ಹಿತ್ತಾಳೆಯ ಹಿಡಿ. ಗಾಜಿನ ಮೂಲೆಯಲ್ಲಿ ಬಿರುಕು, ಅದಕ್ಕಂಟಿಸಿದ ಟೇಪು.
ಆ ಬಿರುಕು ನನಗೆ ಗೊತ್ತು.

ಫರ್ನಾಂಡ್ ಸಿರ್‌ನ ಹಾರ್ಡ್‌ವೇರ್ ಅಂಗಡಿ.
ಮುಚ್ಚಿ ನಾಲ್ಕು ಚಳಿಗಾಲ.
ಬಿಸಿ ತಂತಿಯನ್ನು ಅವನು ಅಡಿ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಿದ್ದ.
'ಓಡಿಲ್, ಉತ್ತರದ ಗೋಡೆಗೋ? ಹಾಗಾದರೆ ಹದಿನಾಲ್ಕು ಬೇಕು.'
ನನ್ನ ಮನೆಯ ಕೊಳವೆಗಳು ಅವನಿಗೆ ಬಾಯಿಪಾಠ.
ದುಡ್ಡು ಶುಕ್ರವಾರ ಅಂದರೆ ಶುಕ್ರವಾರ.
ನಿಮ್ಮಲ್ಲಿ ಒಂದು ಡಾಲರ್ ಎಪ್ಪತ್ತು ಸೆಂಟ್ ಕಡಿಮೆ ಇತ್ತು.
ಅಷ್ಟೇ. ಅಷ್ಟಕ್ಕೇ ಹೋದೆ.
ಊರೆಲ್ಲ ಹೋಯಿತು ಅನ್ನಬಹುದು;
ನಾನು ಊರಿಗಿಂತ ಮೊದಲೇ ಹೋಗಿದ್ದೆ.

ಟಾರ್ಚು ಹಿಡಿದು ನಡೆದೆ, ಮೊಳಕಾಲುದ್ದ ಹಿಮ,
ನದಿಯಾಚೆ ಕೆನಡಾದ ದೀಪಗಳು.
ಪೆಟ್ಟಿಗೆ ಇತ್ತು. ಮೇಲೆ ನನ್ನದೇ ಹೆಸರು, ನನ್ನದೇ ವಿಳಾಸ.
ಎತ್ತಿಕೊಂಡು ತಿರುಗಬೇಕಿತ್ತು; ಯಾಕೋ ಬಾಗಿಲನ್ನು ತಳ್ಳಿದೆ.
ಬೀಗ. ಆದರೂ ಅದು ಕೂದಲೆಳೆಯಷ್ಟು ಅಲುಗಿ
ಒಳಗೆ ಕತ್ತಲಲ್ಲಿ, ಗಿರಾಕಿ ಬಂದರೆ ಬಡಿಯುವ ಪುಟ್ಟ ಗಂಟೆ
ಒಂದೇ ಒಂದು ಸಲ ಅಂದಿತು.

ರಾತ್ರಿಯೇ ತಂತಿ ಸುತ್ತಿ ನೋಡಿದೆ, ಕ್ಲಾರಿಸ್.
ಎರಡಡಿ ಸಾಲದು.
ಬೇರೇನಾದರೂ ಸಹಾಯ ಬೇಕೇ ಅಂತ ಕೇಳುತ್ತಿದ್ದೀಯ.
ನಲ್ಲಿ ಇನ್ನೂ ಬಿಟ್ಟೇ ಇದೆ.