ಏಳನೇ ಮನೆ

ಹಿಂದಿನ ಸಾಲಿನ ಮೂರನೇ ಕುರ್ಚಿ ಅವಳದು.
ಒಸ್ತ್ರಾವದ ಆ ಸಭಾಂಗಣದಲ್ಲಿ
ಕುರ್ಚಿ ಜೋಡಿಸಿದವನು ನಾನು, ಮೂವತ್ತೊಂದು ವರ್ಷ.
ಎಲ್ಲ ಮುಗಿದು ದೀಪ ಆರಿಸುವ ಹೊತ್ತಿಗೆ
ಅದರ ಕೆಳಗೆ ಅಂಗೈಯಗಲ ನೀರು.
"ಎಂಜಲಲ್ಲವೋ, ಉಸಿರು" ಅನ್ನುತ್ತಿದ್ದಳು ದ್ರಾಹೊಮೀರಾ,
"ತಣ್ಣನೆ ಹಿತ್ತಾಳೆಗೆ ತಾಗಿ ನೀರಾಗಿದೆ, ಅಷ್ಟೆ."
ಒರೆಸುತ್ತಿದ್ದೆ.

ಟ್ರಾಂಬೋನಿನವರಿಗೆ ಊದುವುದಕ್ಕಿಂತ ಕಾಯುವ ಕೆಲಸ ಹೆಚ್ಚು.
ಪಿಟೀಲುಗಳು ಅತ್ತು, ಕೊಳಲು ಸಮಾಧಾನ ಹೇಳಿ,
ಮತ್ತೆ ಪಿಟೀಲುಗಳೇ ಅತ್ತು
ಮೂರು ಭಾಗ ಸರಿದರೂ
ಮಂಡಿಯ ಮೇಲೆ ಬೆರಳೊತ್ತಿ ಎಣಿಸುತ್ತಲೇ ಇರುವಳು:
ನೂರ ಹನ್ನೆರಡು, ನೂರ ಹದಿಮೂರು.
ಮಾತು ಬೆಳ್ಳಿ, ಮೌನ ಬಂಗಾರ ಅಂದರೆ ನಗುವಳು:
"ನನ್ನ ಕೈಗೆ ಕೊಟ್ಟದ್ದು ಹಿತ್ತಾಳೆ.
ಸಂಬಳ ಮಾತ್ರ ಮೌನಕ್ಕೆ."

ವಾದ್ಯ ಅಪ್ಪನದು. ಕಲ್ಲಿದ್ದಲ ಗಣಿಯವನು,
ಗಣಿಯ ಬ್ಯಾಂಡಿನಲ್ಲಿ ಶವದ ಹಿಂದೆ ಊದುತ್ತ ನಡೆದವನು.
ಬಾಯಂಚಿನಲ್ಲೊಂದು ತಗ್ಗು;
ಯಾವ ಶವಪೆಟ್ಟಿಗೆಗೆ ತಾಗಿದ್ದೋ, ಬಡಿದು ನೇರ ಮಾಡಿಸಲಿಲ್ಲ ಅವಳು.

ಹಿತ್ತಾಳೆ ಕಿವಿಯವರಿಗೆ ಆ ಕಾಲದಲ್ಲಿ ಬರವಿರಲಿಲ್ಲ,
ಹಿತ್ತಾಳೆಗೆ ಕಿವಿಗೊಡುವವರೇ ಕಡಿಮೆ.
ಯಾರೋ ಯಾರದೋ ಕಿವಿಯೂದಿದರು.
ಒಂದು ಸೋಮವಾರ ಮೂರನೇ ಕುರ್ಚಿಗೆ ಬೇರೆಯವನು ಬಂದ.
ಅವನ ಕೆಳಗೂ ನೀರು ನಿಂತಿತು.
ಒರೆಸಿದೆ. ಏನು ಹೇಳಲಿ.

ಆರು ವರ್ಷ ಗಣಿಯವರ ಕಾಲೊನಿಯಲ್ಲಿ ಮಕ್ಕಳ ಪಾಠ.
ಕೊಳವೆಯ ಮೇಲೆ ಗೆರೆಯಿಲ್ಲ, ಗುಂಡಿಯಿಲ್ಲ,
ಏಳು ಮನೆ, ಒಂದಕ್ಕೂ ನಂಬರಿಲ್ಲ.
"ಎಲ್ಲಿ ನಿಲ್ಲಿಸಲಿ?" ಅಂದ ಓತಾ, ಒಂಬತ್ತು ವರ್ಷದವನು.
"ಕಿವಿ ಸಾಕು ಅಂದಲ್ಲಿ."
ಅವನ ತೋಳೋ ಐದನೇ ಮನೆಗೇ ಮುಗಿದುಹೋಗುತ್ತಿತ್ತು.
ಬಿಕ್ಕಿದ.
ಅವಳು ಬಗ್ಗಿ ತನ್ನ ಬೂಟಿನ ಲಾಡಿ ಬಿಚ್ಚಿ
ಒಂದು ತುದಿ ಕೊಳವೆಗೆ, ಒಂದು ತುದಿ ಅವನ ಮಣಿಕಟ್ಟಿಗೆ ಬಿಗಿದು,
"ಏಳನೇ ಮನೆಗೆ ಸದ್ಯ ಲಾಡಿ ಹೋಗಿ ಬರಲಿ,
ಕೈ ಆಮೇಲೆ ಬರುತ್ತದೆ" ಅಂದಳಂತೆ.
ಅಂದು ಮಸಿ ಬೆರೆತ ಹಿಮದಲ್ಲಿ
ಒಂದು ಕಾಲೆಳೆದುಕೊಂಡು ಟ್ರಾಮಿನವರೆಗೆ ನಡೆದಳಂತೆ.

ಇನ್ನೊಂದು ಸಲ ಹೆಡ್‌ಮಾಸ್ತರು
ತರಗತಿ ಖಾಲಿಯೆಂದು ಬೀಗ ಹಾಕಿದರು.
ಒಳಗೆ ಹನ್ನೊಂದು ಮಕ್ಕಳು, ವಾದ್ಯ ಮಡಿಲಲ್ಲಿ,
ತೊಂಬತ್ತಾರರವರೆಗೆ ಎಣಿಸಿದ್ದರು.
ಯಾರೂ ಬಾಗಿಲು ಬಡಿಯಲಿಲ್ಲ;
ನೂರ ಇಪ್ಪತ್ತಕ್ಕೆ ಒಟ್ಟಿಗೆ ಊದಿದರು.

ತಿರುಗಿ ಬಂದಳು, ಅದೇ ಕುರ್ಚಿಗೆ, ಕೂದಲು ಬೂದಿ.
ಮೊದಲ ರಾತ್ರಿ ನಾನು ಬಟ್ಟೆ ಹಿಡಿದು ಬಗ್ಗಿದಾಗ ಕೇಳಿದಳು:
"ಅವನದನ್ನೂ ಒರೆಸಿದೆಯಾ?"
"ಒರೆಸಿದೆ."
ಕೊಳವೆ ಕಳಚಿ ಪೆಟ್ಟಿಗೆಗಿಟ್ಟು, ಬಹಳ ಹೊತ್ತಾದ ಮೇಲೆ
"ಸರಿಯೇ. ನೆಲದ ತಪ್ಪೇನಿದೆ" ಅಂದಳು.

ಈಗ ಆ ಕುರ್ಚಿಯಲ್ಲಿ ಓತಾ.
ನೀಳ ತೋಳು; ಏಳನೇ ಮನೆ ದಾಟಿ
ಮುಂದಿನವನ ಬೆನ್ನಿಗೇ ತಿವಿಯುತ್ತಾನೆ ಒಮ್ಮೊಮ್ಮೆ.
ಪೆಟ್ಟಿಗೆಯ ಹಿಡಿಗೆ ಸುತ್ತಿದ ಕಂದು ಲಾಡಿ
ಯಾಕೆಂದು ಯಾರೂ ಕೇಳುವುದಿಲ್ಲ.
ನಾನು ಬಲ್ಲೆ. ನೀರು ಒರೆಸುತ್ತೇನೆ,
ಎಣಿಕೆ ಎಲ್ಲಿಗೆ ಬಂತೆಂದು ಕೇಳುವುದಿಲ್ಲ.