ಕ್ಯಾಸೆಟ್ಟಿನ ಹಲ್ಲು

ಎಂಬತ್ತಾರರಲ್ಲಿ ಗಣಿತಕ್ಕೆ ಹದಿನೆಂಟು ಬಿದ್ದು
ನಾನು ರಾಯ್ಕರ್ ಮಾಮನ ರೆಕಾರ್ಡಿಂಗ್ ಅಂಗಡಿ ಸೇರಿದೆ.
ಕಾರವಾರದ ಪೇಟೆ, ಮೀನು ಮಾರ್ಕೆಟ್ಟಿನ ಓಣಿ,
ಅಲುಗಾಡುವ ಹಲಗೆ ಮೆಟ್ಟಿಲು, ಒಂದು ಟ್ಯೂಬ್‌ಲೈಟು.
ಸಂಜೆ ವೋಲ್ಟೇಜು ಇಳಿದರೆ
ಹೀರೋ ಕೂಡ ಆಕಳಿಸುತ್ತ ಹಾಡುತ್ತಿದ್ದ.

ನನ್ನ ಕೆಲಸ ಅಕ್ಷರ.
ಹಾಡಿನ ಹೆಸರು ನೀಲಿಯಲ್ಲಿ, ಸಿನೆಮಾದ್ದು ಕೆಂಪಲ್ಲಿ;
ಹಿಂದಿ ಹತ್ತು, ಕನ್ನಡ ಆರು,
ಕೊನೆಗೆ ಜಾಗ ಉಳಿದರೆ ಗೋವೆಯದೊಂದು ಮಾಂಡೊ.
"ಖಾಲಿ ಬಿಡಬೇಡವೋ,
ಗಿರಾಕಿ ತೊಂಬತ್ತು ನಿಮಿಷಕ್ಕೂ ದುಡ್ಡು ಕೊಟ್ಟಿದ್ದಾನೆ."

ಶೇವಂತಿ ಬೈತಖೋಲದವಳು. ಬುಟ್ಟಿ ಹೊರಗಿಟ್ಟು,
ನಲ್ಲಿಯಲ್ಲಿ ಕೈ ತೊಳೆದು, ಮೂಸಿ, ಮತ್ತೆ ತೊಳೆದು
ಒಳಗೆ ಬರುವಳು. ಸೆರಗಿನ ಗಂಟಿನಲ್ಲಿ
ಮಸ್ಕತ್ತಿನಿಂದ ಬಂದ ಕ್ಯಾಸೆಟ್ಟು.
ಗಂಡ ಉಮಾಕಾಂತನಿಗೆ ಬರೆಯಲು ಬಾರದು, ಇವಳಿಗೆ ಓದಲು.
ಮಾಜಾಳಿಯ ಯಾರೋ ರಜೆಗೆ ಬಂದರೆ ದನಿ ಬರುತ್ತಿತ್ತು,
ಯಾರೋ ಹಿಂತಿರುಗಿದರೆ ದನಿ ಹೋಗುತ್ತಿತ್ತು.

ಇದ್ದದ್ದೊಂದೇ ಹೆಡ್‌ಫೋನು. ಅಬ್ಬಲಿಗೆ ದಂಡೆ ಜಜ್ಜದ ಹಾಗೆ
ತಲೆಗೆ ಸಿಕ್ಕಿಸುತ್ತಿದ್ದೆ.
ಅವನಂದದ್ದು ಅವಳಿಗೆ ಮಾತ್ರ. ಅವಳಂದದ್ದು ಓಣಿಗೆಲ್ಲ:
"ಯಾವಾಗ? ದೀಪಾವಳಿಗೆ ಅಂದಿದ್ದೆ!"
"ಇಲ್ಲ, ಹಂಚು ಹೊದೆಸಲಿಲ್ಲ."
"ಅದನ್ನು ನಿನ್ನಮ್ಮಗೆ ನೀನೇ ಹೇಳು, ಮಾರಾಯಾ."
ಎದುರಿನ ಒಣಮೀನಿನವ ತಕ್ಕಡಿ ಹಿಡಿದೇ ನಿಂತು
ಅರ್ಧ ಸಂಸಾರ ಕೇಳಿಸಿಕೊಳ್ಳುತ್ತಿದ್ದ.

ಮಾತು ಮುಗಿದ ಮೇಲೂ ತೆಗೆಯುವವಳಲ್ಲ.
ಅವನು ನಿಲ್ಲಿಸಲು ಮರೆತ ಇಪ್ಪತ್ತು ನಿಮಿಷ,
ಬರೀ ಫ್ಯಾನು, ಯಾರದೋ ಗೊರಕೆ.
"ರಾವ್ ರೇ ಪೋರಾ," ನನ್ನ ಕೈ ತಡೆಯುತ್ತಿದ್ದಳು,
"ಅವ ಇನ್ನೂ ಅಲ್ಲೇ ಇದ್ದಾನೆ."

ಆಮೇಲೆ ಅವಳ ಸರದಿ. ಅದೇ ಕ್ಯಾಸೆಟ್ಟು,
ಹೊಸತಕ್ಕೆ ಹದಿನೆಂಟು ರೂಪಾಯಿ.
ಅವನ ಮೇಲೆ ಇವಳು, ಇವಳ ಮೇಲೆ ಅವನು,
ಒಬ್ಬರನ್ನೊಬ್ಬರು ಅಳಿಸುತ್ತಲೇ ಮಾತಾಡಿದರು ಇಬ್ಬರೂ.
ಮೈಕು ಕಂಡರೆ ಅವಳ ನಾಲಿಗೆ ಒಣಗಿ
ಮೊದಲ ಐದು ನಿಮಿಷ ಬರೀ ಬಂಗಡೆ ದರ.

ಮರುವರ್ಷ ಚೌತಿಯ ಮುಂಚೆ ಹೇಳಿದಳು
ಪಕ್ಕದ ಮನೆಗೆ ಟೀವಿ ಬಂದ ಕತೆ.
ಆಂಟೆನಾ ಮೇಲೆ ಕಾಗೆ ಕೂತರೆ ಪಣಜಿ ಹೋಗುತ್ತದಂತೆ,
ಭಾನುವಾರ ಬೆಳಿಗ್ಗೆ ಕೇರಿಗೆ ಕೇರಿಯೇ ಒಳಗೆ ದೇವರನ್ನು ನೋಡುತ್ತಿದ್ದರೆ
ಅತ್ತೆ ಮಾತ್ರ ದೋಟಿ ಹಿಡಿದು ಅಂಗಳದಲ್ಲಿ
ಹುಶ್ ಹುಶ್ ಅನ್ನುತ್ತಾಳಂತೆ, ಒಂದು ವಾರವೂ ನೋಡಿಲ್ಲವಂತೆ.
ಹೇಳುತ್ತ ಹೇಳುತ್ತ ನಕ್ಕಳು. ಆ ನಗು
ಮೀಟರಿನ ಮುಳ್ಳನ್ನು ಕೆಂಪಿಗೆ ತಳ್ಳಿ
ಅಲ್ಲೇ ನಡುಗಿಸಿತು.

ನನಗೆ ಹದಿನೇಳು. ಇದು ಅಳಿಯಬಾರದು ಅನ್ನಿಸಿತು.
ಕ್ಯಾಸೆಟ್ಟಿನ ಬೆನ್ನಿಗೆ ಎರಡು ಪುಟ್ಟ ಹಲ್ಲು,
ಮುರಿದರೆ ಅದರ ಮೇಲೆ ಮತ್ತೇನೂ ಹತ್ತದು.
ಸ್ಕ್ರೂಡ್ರೈವರು ಇಟ್ಟು ಒತ್ತಿದೆ. ಚಿಟಕ್.
ಯಾರಿಗೂ ಹೇಳಲಿಲ್ಲ.

ದೀಪಾವಳಿ ಹೋಯಿತು. ಮಾಜಾಳಿಯವ ಬರಿಗೈಲಿ ಬಂದ.
ಶೇವಂತಿ ಮೆಟ್ಟಿಲ ಕೆಳಗೇ ನಿಂತು
"ನಿಮ್ಮ ಮಷೀನು ಸರಿ ಉಂಟಲ್ಲ?" ಎಂದು ಕೇಳಿ
ಕೈ ತೊಳೆಯದೆಯೇ ಹೋಗುತ್ತಿದ್ದಳು.
ಅಲ್ಲಿ ಎಷ್ಟೊತ್ತಿದರೂ ಗುಂಡಿ ಇಳಿಯುವುದಿಲ್ಲವೆಂದು
ನನಗೊಬ್ಬನಿಗೆ ಗೊತ್ತಿತ್ತು.
ಹಾಡಿನ ಹೆಸರು ತಪ್ಪು ಬರೆದು ಎರಡು ಸಲ ಬೈಸಿಕೊಂಡೆ.

ಸಂಕ್ರಾಂತಿ ಕಳೆದು ಬಂತು ಅದೇ ಕ್ಯಾಸೆಟ್ಟು.
ಮುರಿದ ಹಲ್ಲಿನ ತೂತಿಗೆ ಅಂಟಿಸಿದ ಒಂದು ಸ್ಟ್ಯಾಂಪು,
ಸ್ಟ್ಯಾಂಪಿನಲ್ಲೊಂದು ದೋಣಿ.
ಅಲ್ಲಿಯೂ ಯಾವನೋ ಪೋರ ಇದ್ದಿರಬೇಕು.
ಶೇವಂತಿ ಹೆಡ್‌ಫೋನು ಹಾಕಿಕೊಂಡಳು.
ಒಣಮೀನಿನವ ತಕ್ಕಡಿ ಎತ್ತಿದ.
"ಐದು ತಿಂಗಳೂ ಅದೊಂದನ್ನೇ?"
"ರೂಮಿನವರಿಗೆಲ್ಲ? ನಾಚಿಕೆ ಇಲ್ಲ ನಿನಗೆ!"
"ಅತ್ತೆಗೆ ಹೇಳೂದಿಲ್ಲ ನಾನು, ಹೋಗು."

ಈ ಸಲ ಗೊರಕೆಯ ತನಕ ಕಾಯಲಿಲ್ಲ.
ತಾನೇ ತೆಗೆದಿಟ್ಟಳು, ಕೂದಲು ಸರಿಮಾಡಿಕೊಂಡಳು.
"ಮೈಕು ಕೊಡು. ಕಾಗೆದು ಇನ್ನೂ ಮುಗಿಯಲಿಲ್ಲ."

ದೋಣಿಯ ಅಂಚು ಏಳುತ್ತಿತ್ತು.
ಎಂಜಲು ಹಚ್ಚಿ ಹೆಬ್ಬೆರಳಲ್ಲಿ ಅದುಮಿ
ಗುಂಡಿ ಒತ್ತಿದೆ. ಇಳಿಯಿತು.