ಎರಡನೇ ತೂಕ

ಮೊದಲನೆಯದು ಜೂನಿನಲ್ಲಾಗಿತ್ತು, ಗಾಳಿಯ ದಿನ.
ಇದು ಫೆಬ್ರುವರಿ. ಬೀದರಿನ ನೌಬಾದ್ ಕಡೆಯ ಶಾಲೆ,
ವರಾಂಡದ ಕಲ್ಲು ಒಂದೂ ಸಮ ಇಲ್ಲ.
ಹಳೇ ನೋಟ್‌ಬುಕ್ಕಿನ ರಟ್ಟು ಮಡಚಿ
ಒಂದು ಕಾಲಿಗೆ ಕೊಟ್ಟ ಮೇಲೆ
ಯಂತ್ರ ಸೊನ್ನೆಗೆ ಬಂದು ನಿಂತಿತು.

ಬೂಟು ಬಿಚ್ರಿ. ಬೆಲ್ಟು ಬಿಚ್ರಿ. ಕಿಸೇದಾಗ ಏನದಾ?
ಒಬ್ಬನದರಲ್ಲಿ ಗೋಲಿ, ಒಬ್ಬಳದರಲ್ಲಿ ಅರ್ಧ ಚಿಕ್ಕಿ.
ಎಲ್ಲರ ಕಾಲುಚೀಲಕ್ಕೂ ಕೆಂಪು ಮಣ್ಣು,
ಅದರ ತೂಕ ಕಳೆಯಲು ಫಾರ್ಮಿನಲ್ಲಿ ಜಾಗ ಇಲ್ಲ.

ಏಳನೇ ಬಿ, ಹದಿನಾಲ್ಕು, ಅನಿಕೇತ ಪಾಂಚಾಳ.
ಜೂನಿನಲ್ಲಿ ಐವತ್ತೆಂಟು, ಆರುನೂರು.
ಬೆಳಿಗ್ಗೆಯಿಂದ ನೀರೂ ಕುಡಿದಿಲ್ಲವಂತೆ.
ಕಣ್ಣು ಮುಚ್ಚಿ ನಿಂತ, ಉಸಿರು ಬಿಗಿಹಿಡಿದು,
ಬಿಟ್ಟರೆ ಭಾರವಾದೀತು ಎಂಬಂತೆ.
ಐವತ್ತೊಂಬತ್ತು, ಇನ್ನೂರು.
ಗಟ್ಟಿಯಾಗಿ ಓದಬಾರದೆಂದು ತರಬೇತಿಯಲ್ಲಿ ಹೇಳಿದ್ದರು,
ಓದಲಿಲ್ಲ ನಾನು.
ಆದರೆ ಹಿಂದಿನವನು ಇಣುಕಿದ್ದ.
ಐವತ್ತೊಂಬತ್ತು ಬಾಯಿಂದ ಬಾಯಿಗೆ
ವರಾಂಡದ ಕೊನೆ ಮುಟ್ಟಿ, ನಗುತ್ತ ತಿರುಗಿ ಬಂತು.
ನಾಲ್ಕು ಸೆಂಟಿಮೀಟರ್ ಬೆಳೆದಿದ್ದ ಹುಡುಗ.
ಅದನ್ನು ಯಾರೂ ಕೂಗಲಿಲ್ಲ.

ವಾರಕ್ಕೆ ಐದು ಪೀರಿಯಡ್ ಆಟ ಅಂತದೆ ರಿಜಿಸ್ಟರು.
ಖರೇ ಎಷ್ಟ್ ಆಡ್ಸೀರಿ ಸರ್?
ಧೂಳಪ್ಪ ಮಾಸ್ತರರು ಮೈದಾನದ ಕಡೆ ನೋಡಿದರು.
"ದೀಪಾವಳಿ ತನಕ ಬರಾಬರ್ ನಡೀತ್ರಿ.
ಆಮ್ಯಾಲ ಗಣಿತದವ್ರು ತಗೊಂಡ್ರು."
ಗೇಟಿನ ಭಜಿ ಬಂಡಿಯನ್ನು ನೂರು ಗಜ ಆಚೆ ಕಳಿಸಿದ್ದಾರೆ.
ಮಕ್ಕಳು ನೂರು ಗಜ ಓಡಿ, ತಿಂದು,
ನೂರು ಗಜ ಓಡಿ ಬರುತ್ತಾರೆ.
ಇದನ್ನು ಆಹಾರದಲ್ಲಿ ಬರೆಯಲೇ, ವ್ಯಾಯಾಮದಲ್ಲೇ?

"ಮೇಡಂ, ನೀವೂ ನಿಂದರ್ರಿ" ಅಂದಳು ಸುಮೈಯಾ.
ಸಾಲು ಗಪ್ಪಾಯಿತು.
ಊರೂರು ಈ ಯಂತ್ರ ಹೊತ್ತು ತಿರುಗಿದ್ದೇನೆ,
ಅದು ನನ್ನನ್ನು ಹೊತ್ತದ್ದಿಲ್ಲ.
ಚಪ್ಪಲಿ ಬಿಟ್ಟೆ. ಸೆರಗು ಸುತ್ತಿಕೊಂಡೆ.
ಎಂಬತ್ತೊಂದು ಎಂದು ನಾನೇ ಓದಿದೆ, ಗಟ್ಟಿಯಾಗಿ.
ಯಾರೂ ನಗಲಿಲ್ಲ. ಸುಮೈಯಾ ಮಾತ್ರ,
"ಸೀರೀದು ಒಂದ್ ಕಿಲೋ ತೆಗೀರಿ ಮೇಡಂ" ಅಂದಳು.

ಸಂಜೆ ಕಂಪ್ಯೂಟರು ಸರಾಸರಿ ಹೇಳುತ್ತದೆ,
ದಶಾಂಶದ ಆಚೆ ಎಲ್ಲೋ ಒಂದು ಇಳಿಕೆ.
ಕಾರ್ಯಕ್ರಮ ಫಲಿಸಿತೇ? ಹೌದು, ಇಲ್ಲ:
ಎರಡೇ ಚೌಕ.

ಯಂತ್ರವನ್ನು ಸ್ಕೂಟಿಯ ಹಿಂದೆ ಕಟ್ಟುವಾಗ
ನಲ್ಲಿಯ ಹತ್ತಿರ ಅನಿಕೇತ ಕಂಡ,
ಎರಡೂ ಕೈ ಬೊಗಸೆ ಮಾಡಿ
ಕುಡಿಯುತ್ತಿದ್ದ, ಕುಡಿಯುತ್ತಲೇ ಇದ್ದ,
ಮೊಣಕೈಯಿಂದ ನೀರು ಕೆಂಪು ಮಣ್ಣಿಗೆ ಸೋರುತ್ತಿತ್ತು.